ನೊರೆ ಏಳದ ನೀರು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಬಟ್ಟೆ ಒಗೆಯುವ ವಿಷಯವೇ ಎಂದು ಸಂಪಾದಕ ಮಿತ್ರರು ನಕ್ಕರು. ನಗಲಿ. ಎಪ್ಪತ್ತು ದಾಟಿದ ಮೇಲೆ ಕಲಿತ ಪಾಠವೊಂದನ್ನು ಬಲ್ಲವರ ಮುಂದೆ ಒಪ್ಪಿಸದೆ ಇರುವುದು ಶಿಕ್ಷಕ ವೃತ್ತಿಗೆ ಶೋಭಿಸದೆಂಬ ಭಾವನೆಯಿಂದ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಔರಾದ ಶಹಾಜನಿ ಲಾತೂರ ಜಿಲ್ಲೆಯ ನಿಲಂಗಾ ತಾಲೂಕಿನ ಅಂಚಿನ ಊರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಗಡಿಯೆಂಬುದು ನಮಗೆ ನಕಾಶೆಯ ಮೇಲಿನ ಗೆರೆ ಮಾತ್ರವಾಗಿತ್ತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಆ ಗೆರೆ ಕಣ್ಣಿಗೆ ಕಂಡಿತು. ಲಾರಿಗಳು ನಿಂತವು. ಓಣಿಯ ಕಿರಾಣಿ ಅಂಗಡಿಯಲ್ಲಿ ಮೊದಲು ಬಿಸ್ಕೀಟು, ಬಳಿಕ ಬಟ್ಟೆಯ ಪುಡಿ ತೀರಿತು. ಕೆಲಸದ ಬಾಯಿ ಬರುವಂತಿರಲಿಲ್ಲ. ಸಾಲದ್ದಕ್ಕೆ ನಮ್ಮ ಮನೆಯವರು ಬಚ್ಚಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಉಳುಕಿಸಿಕೊಂಡಿದ್ದರು. ಹೀಗೆ ಒಗೆಯುವ ಕಲ್ಲಿನ ಮುಂದೆ ನಾವು ಕೂರಬೇಕಾಯಿತು; ಬದುಕಿನಲ್ಲಿ ಮೊದಲ ಸಲ.

ಮನೆಯಲ್ಲಿದ್ದುದು ಮೈಗೆ ಹಚ್ಚುವ ಎರಡು ಸಾಬೂನು. ಸಾಬೂನು ಸಾಬೂನೇ ಎಂದು ಬಗೆದು, ಗಜ್ಜರಿ ತುರಿಯುವ ಮಣೆಯಿಂದ ಒಂದನ್ನು ತುರಿದು, ಬಿಸಿನೀರಿನಲ್ಲಿ ಕರಗಿಸಿ, ಬೋರಿಂಗ್ ನೀರಿನ ಬಕೀಟಿಗೆ ಸುರಿದೆವು. ನೊರೆ ಏಳಲಿಲ್ಲ. ಒಡೆದ ಹಾಲಿನಂತೆ ಬಿಳಿಯ ಚೂರುಗಳು ಮೇಲೆ ತೇಲಿದವು. ಹಟದಿಂದ ಧೋತರವನ್ನು ತಿಕ್ಕಿ, ಹಿಂಡಿ, ಒಣಹಾಕಿದೆವು. ಸಂಜೆ ಅದು ಬೂದಿಯ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಗಂಜಿ ಹಾಕಿದಂತೆ ಬಿರುಸಾಗಿತ್ತು.

ಕಾರಣ ಗೊತ್ತಿಲ್ಲದೆ ಇರಲಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ, ನೀರಿನಲ್ಲಿ ಕರಗದ ಗಷ್ಟಾಗಿ ಮಾರ್ಪಡುತ್ತವೆ. ಅದು ನೂಲಿನ ಸಂದಿಗೆ ಸೇರಿಕೊಂಡು ಬಿಳುಪನ್ನು ನುಂಗುತ್ತದೆ. ಡಿಟರ್ಜೆಂಟ್ ಪುಡಿಗೆ ಈ ಬಾಧೆ ಅಷ್ಟಾಗಿ ಇಲ್ಲ. ವಿಜ್ಞಾನ ಶಿಕ್ಷಕರು ರಜೆ ಹಾಕಿದ ದಿನಗಳಲ್ಲಿ ಈ ಪಾಠವನ್ನು ನಾವೇ ಹಲವು ಬಾರಿ ಮಾಡಿದ್ದೆವು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯದು.

ಮನೆಯವರು ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದರು. "ಮೊದಲ ನೀರಿಗೆ ಸೋಡಾ ಹಾಕ್ರಿ, ಆಮ್ಯಾಲ ಸಾಬೂನ ಹಾಕ್ರಿ. ಅಷ್ಟೂ ಗೊತ್ತಿಲ್ಲೇನ್ರಿ?" ಎಂದರು. ಡಬ್ಬಿಯ ತಳದಲ್ಲಿ ಉಳಿದಿದ್ದ ಬಟ್ಟೆ ಸೋಡಾವನ್ನು ಬಕೀಟಿಗೆ ಎರಡು ಚಮಚದಂತೆ ಬಿಸಿನೀರಿಗೆ ಹಾಕಿ, ಗಷ್ಟು ತಳಕ್ಕಿಳಿದ ಬಳಿಕ ಮೇಲಿನ ತಿಳಿನೀರನ್ನು ಬಸಿದುಕೊಂಡೆವು. ಅದಕ್ಕೆ ಸಾಬೂನಿನ ತುರಿ ಸೇರಿಸಿದಾಗ ನೊರೆ ಎದ್ದಿತು! ಸೋಡಾ ರೇಷ್ಮೆಗೂ ಉಣ್ಣೆಗೂ ಆಗದು, ಕೈಯ ಚರ್ಮವನ್ನೂ ಒರಟಾಗಿಸುತ್ತದೆ. ಅವರ ಇಳಕಲ್ ಸೀರೆಗೆ ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಯಿಟ್ಟು ಕಿವುಚಿದ ನೀರೇ ಸಾಕಾಯಿತು. ಮರಾಠಿಯಲ್ಲಿ ರಿಠಾ ಎನ್ನುವುದು ಇದನ್ನೇ. ಪಾತ್ರೆ ತಿಕ್ಕುವ ಬಾರಿನ ತುಂಡು ಒರಟು ಟವೆಲುಗಳಿಗೆ ಒದಗಿತು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಅವರಿಗೆ ತಿಳಿದಿದ್ದುದು ಬಿ.ಎ., ಬಿ.ಎಡ್. ಆದ ನಮಗೆ ಕೈಗೆ ಬಂದಿರಲಿಲ್ಲ.

ಆದರೆ ಹೇಳಬೇಕಾದುದು ಇದಲ್ಲ. ಹಗ್ಗದ ಮೇಲಿನ ಆ ಬೂದುಬಣ್ಣದ ಧೋತರವನ್ನು ನೋಡುತ್ತ ನಿಂತಾಗ ನಮಗೊಂದು ಅಂಗಿ ನೆನಪಾಯಿತು.

1988ರ ಜನವರಿ 26. ಗಡಿಭಾಗದ ಒಂದು ಶಾಲೆಯಲ್ಲಿ ಆಗ ನಾವು ಮುಖ್ಯಾಧ್ಯಾಪಕರು. ಧ್ವಜವಂದನೆಗೆ ಬಿಳಿ ಅಂಗಿ ಕಡ್ಡಾಯವೆಂದು ಸೂಚನೆ ಹೊರಡಿಸಿದ್ದೆವು. ಏಳನೆಯ ತರಗತಿಯ ಹುಡುಗನೊಬ್ಬನ ಅಂಗಿ ಬೂದಿಯ ಬಣ್ಣಕ್ಕಿತ್ತು. "ರಾಷ್ಟ್ರಧ್ವಜದ ಮುಂದೆ ಈ ಕೊಳಕೇ?" ಎಂದು ಗದರಿಸಿ ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆವು. ಎಲ್ಲರೂ ಹಾಡುವಾಗ ಅವನು ಬೇವಿನ ಮರದ ಕೆಳಗೆ ತಲೆ ತಗ್ಗಿಸಿ ನಿಂತಿದ್ದ. ಮರುದಿನ ತಾಯಿ ಅದೇ ಅಂಗಿಯನ್ನು ಹಿಡಿದು ಬಂದಳು. "ಮೈ ಸಾಬೂನ ಹಚ್ಚಿ ಎರಡ ಸಲ ತಿಕ್ಕೀನ್ರೀ ಸರ. ನಮ್ಮ ಬೋರಿಂಗ ನೀರಾಗ ನೊರಿ ಏಳಂಗಿಲ್ರಿ" ಎಂದಳು. "ಮನಸ್ಸಿದ್ದರೆ ಮಾರ್ಗ" ಎಂದು ಉಪದೇಶಿಸಿ ಕಳುಹಿಸಿದೆವು. ಅವಳು ಮತ್ತೆ ಮಾತಾಡಲಿಲ್ಲ.

ಅವಳು ಹೇಳಿದ್ದು ನೆಪವಲ್ಲ, ನಿಜವೆಂದು ತಿಳಿಯಲು ನಮಗೆ 32 ವರ್ಷಗಳು ಬೇಕಾದವು. ಆ ಅಂಗಿ ಕೊಳಕಾಗಿರಲಿಲ್ಲ. ನಮ್ಮ ಮನೆಯ ಧೋತರದಂತೆಯೇ ಒಗೆದದ್ದಾಗಿತ್ತು.

ಕಲ್ಯಾಣ ನಮ್ಮೂರಿಗೆ ದೂರವಲ್ಲ. ಮಡಿವಾಳ ಮಾಚಯ್ಯನು ಶರಣರ ಬಟ್ಟೆಗಳನ್ನು ಮಡಿ ಮಾಡಿದ ಕಥೆಯನ್ನು ವರ್ಷವರ್ಷವೂ ಪಾಠ ಮಾಡಿದ್ದೇವೆ. ಇತ್ತ ಮಹಾರಾಷ್ಟ್ರದಲ್ಲಿ, ಪರೀಟ ಕುಲದಲ್ಲಿ ಹುಟ್ಟಿದ ಗಾಡಗೇ ಬಾಬಾ (1876–1956) ಊರೂರು ತಿರುಗಿ, ಮೊದಲು ಕಸಬರಿಗೆ ಹಿಡಿದು ಓಣಿ ಗುಡಿಸಿ, ಆ ಮೇಲೆ ಕೀರ್ತನೆಗೆ ನಿಂತವರು. ಇಬ್ಬರೂ ಸ್ವಚ್ಛತೆಯನ್ನು ತಮ್ಮ ಕೈಗಳಿಂದ ಮಾಡಿ ತೋರಿಸಿದರು. ನಾವಾದರೋ ಇತರರ ಕೈಗಳು ಮಾಡಿದ ಬಿಳುಪನ್ನು ತೊಟ್ಟು ಅದನ್ನು ನಮ್ಮ ಸದ್ಗುಣವೆಂದು ಭ್ರಮಿಸಿ, ಮಕ್ಕಳ ಅಂಗಿಗಳಿಗೆ ಅಂಕ ಕೊಟ್ಟೆವು.

ಆ ವರ್ಷ ಜೂನಿನಲ್ಲಿ ಮಳೆ ಬಂದಾಗ ಮಾಳಿಗೆಯ ದೋಣಿಯ ಕೆಳಗೆ ಹಂಡೆ ಇಟ್ಟು ನೀರು ಹಿಡಿದೆವು. ಅದರಲ್ಲಿ ಅದೇ ಮೈಸಾಬೂನು ಮೊಣಕೈವರೆಗೆ ನೊರೆ ಕೊಟ್ಟಿತು. ನಾಲ್ಕು ಸಲ ಒಗೆದ ಮೇಲೆ ಧೋತರ ತಕ್ಕಮಟ್ಟಿಗೆ ಬೆಳ್ಳಗಾಯಿತು.

ಆ ಹುಡುಗನಿಗೆ ಈಗ ನಡುವಯಸ್ಸು ದಾಟುತ್ತಿರಬೇಕು. ಎಲ್ಲಿದ್ದಾನೆಂದು ವಿಚಾರಿಸಿದೆವು, ಕುಟುಂಬ ಊರು ಬಿಟ್ಟು ಬಹಳ ದಿನಗಳಾದವೆಂದು ತಿಳಿಯಿತು. ಆ ತಾಯಿಯ ಮುಂದೆ ಹೇಳಬೇಕಾಗಿದ್ದ ಮಾತನ್ನು ಈ ಸಂಚಿಕೆಯ ಪುಟದಲ್ಲಿ ಹೇಳುತ್ತಿದ್ದೇವೆ: ತಪ್ಪು ನಮ್ಮದು, ಅವ್ವಾ.

ಗಡಿನಾಡಿನ ಶಾಲೆಗಳಲ್ಲಿ ಈಗ ದುಡಿಯುತ್ತಿರುವ ಕಿರಿಯ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮಗುವಿನ ಅಂಗಿಯ ಬಣ್ಣ ನೋಡಿ ಮಾತಾಡುವ ಮುನ್ನ ಅದರ ಮನೆಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಬನ್ನಿರಿ.