ಹದಿನೈದು ಕೋಟಿ ವರ್ಷದ ಸಿಗಡಿ ಮೀಸೆ

ಮ್ಯೂನಿಕ್‌ಗೆ ಆನ್‌ಸೈಟ್ ಹೋದ ನಮ್ಮವರು ವೀಕೆಂಡ್ ಬಂತು ಅಂದ್ರೆ ಆಲ್ಪ್ಸ್ ಕಡೆ ಹೊರಡ್ತಾರೆ. ಒಂದು ಶನಿವಾರ ಉಳಿಸಿಕೊಂಡು ಉತ್ತರಕ್ಕೆ, ಐಷ್‌ಟೆಟ್ ಎಂಬ ಪುಟ್ಟ ಊರಿಗೆ ಹೋಗಿಬನ್ನಿ. ದೊಡ್ಡ ರೈಲು ಊರ ಹೊರಗೇ ಇಳಿಸುತ್ತದೆ, ಅಲ್ಲಿಂದ ಒಳಗೆ ಚಿಕ್ಕ ರೈಲು. ಆಲ್ಟ್‌ಮ್ಯೂಲ್ ನದಿಯ ಮೇಲಿನ ಗುಡ್ಡದಲ್ಲಿ ವಿಲಿಬಾಲ್ಡ್ಸ್‌ಬುರ್ಗ್ ಕೋಟೆ ಇದೆ, ಅದರೊಳಗೆ ಜುರಾ ಮ್ಯೂಸಿಯಂ.

ಬಂದವರೆಲ್ಲ ಸೀದಾ ಆರ್ಕಿಯಾಪ್ಟೆರಿಕ್ಸ್ ಎಂಬ ಆದಿಪಕ್ಷಿಯ ಹತ್ತಿರ ಹೋಗಿ ಫೋಟೋ ತೆಗೀತಾರೆ. ನೀವು ಸಿಗಡಿಗಳನ್ನೂ ನೋಡಿ. ಈ ಸೀಮೆಯ ಸುಣ್ಣಕಲ್ಲಿನಲ್ಲಿ ಸಿಗುವ ‘ಏಗರ್’ ಎಂಬ ಸಿಗಡಿ ಸುಮಾರು 15 ಕೋಟಿ ವರ್ಷ ಹಿಂದಿನದು, ಈಗ ಎಲ್ಲೂ ಬದುಕಿಲ್ಲ. ಆದರೂ ಮಲ್ಪೆಯಲ್ಲಿ ಮೀನು ಕೊಂಡವರಿಗೆ ತಕ್ಷಣ ಗುರುತು ಸಿಗುತ್ತದೆ: ಅದೇ ಬಾಗಿದ ಬೆನ್ನು, ಅದೇ ಬೀಸಣಿಗೆ ಬಾಲ. ಬಾಯಿಯ ಬಳಿ ಮಾತ್ರ ಮುಳ್ಳು ತುಂಬಿದ ಉದ್ದನೆಯ ಕಾಲುಗಳು. ಕೂದಲಿನಷ್ಟು ಸಣ್ಣ ಮೀಸೆ ಕೂಡ ಕಲ್ಲಿನಲ್ಲಿ ಹಾಗೇ ಉಳಿದಿದೆ.

ಸಿಗಡಿ ಸತ್ತರೆ ಸಮುದ್ರದಲ್ಲಿ ಹೆಚ್ಚು ದಿನ ಉಳಿಯೋದಿಲ್ಲ. ಏಡಿ, ಮೀನು ತಿಂದು ಮುಗಿಸುತ್ತವೆ. ಹಾಗಾದರೆ ಇದು ಉಳಿದದ್ದು ಹೇಗೆ? ಆಗ ಇಲ್ಲಿದ್ದದ್ದು ಬಿಸಿ ಸೀಮೆಯ ಸಮುದ್ರ. ಹವಳ, ಸ್ಪಂಜುಗಳ ದಿಬ್ಬಗಳ ನಡುವೆ ನೀರು ಸಿಕ್ಕಿಕೊಂಡಿತ್ತು. ಬಿಸಿಲಿಗೆ ಆವಿಯಾಗಿ ಉಪ್ಪು ಹೆಚ್ಚಿದ ನೀರು ಭಾರವಾಗಿ ತಳ ಸೇರಿತು, ಅಲ್ಲಿ ಆಮ್ಲಜನಕ ಇಲ್ಲದಾಯಿತು. ಅಲ್ಲಿಗೆ ಬಿದ್ದ ಜೀವಿಯನ್ನು ತಿನ್ನಲು ಬೇರೆ ಜೀವಿಯೇ ಇರಲಿಲ್ಲ. ಮೇಲೆ ನುಣ್ಣನೆಯ ಸುಣ್ಣದ ಕೆಸರು ಕೂತಿತು. ಬದುಕಲಾಗದ ಜಾಗವೇ ಸಿಗಡಿಯನ್ನು ಕಾಪಾಡಿತು ನೋಡಿ.

ಈ ಕಲ್ಲಿನ ನುಣುಪು ಇನ್ನೊಂದು ಕೆಲಸಕ್ಕೂ ಬಂತು. 1796ರ ಸುಮಾರಿಗೆ ಅಲೋಯಿಸ್ ಝೆನೆಫೆಲ್ಡರ್ ಇದೇ ಸೀಮೆಯ ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವುದನ್ನು ಕಂಡುಹಿಡಿದ. ಜಿಡ್ಡಿನ ಶಾಯಿಯಲ್ಲಿ ಬರೆದ ಕಡೆ ಮಸಿ ಹಿಡಿಯುತ್ತದೆ, ಒದ್ದೆ ಕಲ್ಲು ಮಸಿಯನ್ನು ಬಿಡುತ್ತದೆ. ಅದೇ ನಮ್ಮ ‘ಕಲ್ಲಚ್ಚು’. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ಸಿಗಡಿಯ ಮೀಸೆಯನ್ನು ಹಿಡಿದಿಟ್ಟ ಆ ನುಣುಪೇ ಅಕ್ಷರದ ಸಣ್ಣ ಗೆರೆಯನ್ನೂ ಹಿಡಿಯಿತು.

ಊರ ಹತ್ತಿರದ ಬ್ಲೂಮೆನ್‌ಬೆರ್ಗ್ ಕ್ವಾರಿಯಲ್ಲಿ ಪ್ರವಾಸಿಗರೂ ಕಲ್ಲು ಬಿಡಿಸಬಹುದು, ಸುತ್ತಿಗೆ ಉಳಿ ಬಾಡಿಗೆಗೆ ಸಿಗುತ್ತದೆ. ಜರೀಗಿಡದಂತೆ ಕಾಣುವ ಕಪ್ಪು ಚಿತ್ತಾರ ಸಿಕ್ಕರೆ ಗಿಡ ಅಂದುಕೊಳ್ಳಬೇಡಿ, ಅದು ಬಿರುಕಿನಲ್ಲಿ ಇಳಿದ ಮ್ಯಾಂಗನೀಸು, ಕಬ್ಬಿಣ. ಎಷ್ಟೋ ಹಾಳೆಗಳಲ್ಲಿ ಏನೂ ಇರೋದಿಲ್ಲ. ಆದಿಪಕ್ಷಿಯಿಂದ ಹಿಡಿದು ಸಿಗಡಿಯವರೆಗೆ ಇಲ್ಲಿ ಸಿಕ್ಕಿದ್ದರಲ್ಲಿ ಬಹಳಷ್ಟು ಕ್ವಾರಿ ಕೆಲಸಗಾರರು ಒಂದೊಂದೇ ಹಾಳೆ ಕೈಯಲ್ಲಿ ಬಿಡಿಸಿದ್ದರಿಂದಲೇ ಕಣ್ಣಿಗೆ ಬಿದ್ದದ್ದು.

ಹಾಗಾಗಿ ಉಳಿಯನ್ನು ಅಂಚಿಗಿಟ್ಟು ಮೆಲ್ಲಗೆ ತಟ್ಟಿ. 15 ಕೋಟಿ ವರ್ಷ ತಾಳಿದ ಮೀಸೆ ಒಂದು ಜೋರು ಏಟಿಗೆ ಪುಡಿಯಾಗುತ್ತದೆ.