ತೂಬಿನ ಬೀಗದ ಕೈ ರೈತರಿಗೆ ಬಂದದ್ದು

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ನಾಲೆಗೆ ನೀರು ಬಂದ ಮೇಲೂ ಬಹಳ ವರ್ಷ ಹೊಳೆನರಸೀಪುರದ ಕಡೆಯ ನಾವು ಅದನ್ನು ಸರ್ಕಾರದ ಸ್ವತ್ತು ಎಂದೇ ತಿಳಿದಿದ್ದೆವು. ಕೆರೆಯ ಹೂಳೆತ್ತಲು ಮನೆಗೊಂದಾಳು ಹೊರಡುತ್ತಿದ್ದ ಊರುಗಳೇ ಇವು. ಆದರೆ ಉಪನಾಲೆಯಲ್ಲಿ ಆಳೆತ್ತರ ಜೊಂಡು ಬೆಳೆದರೂ ಯಾರೂ ಸೊಂಟ ಬಗ್ಗಿಸಲಿಲ್ಲ. ನೀರು ಬಾರದಿದ್ದರೆ ಇಂಜಿನಿಯರಿಗೆ ಅರ್ಜಿ, ಬಂದರೆ ನೀರುಗಂಟಿಗೆ ಉಪಚಾರ.

2000ದಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂತು. ಉಪನಾಲೆಗಳ ಆಡಳಿತವನ್ನು ರೈತರ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಒಪ್ಪಿಸುವ ಕಾಯ್ದೆ ಅದು. ಸಂಘ ಒಡಂಬಡಿಕೆ ಮಾಡಿಕೊಂಡು ನಾಲೆಯ ತಲೆಯಲ್ಲಿ ನೀರನ್ನು ಸಗಟಾಗಿ ಅಳತೆ ಮಾಡಿಸಿಕೊಳ್ಳಬೇಕು, ಒಳಗೆ ತಾನೇ ಹಂಚಬೇಕು, ಕರ ಎತ್ತಬೇಕು, ರಿಪೇರಿ ನೋಡಿಕೊಳ್ಳಬೇಕು. ಆಗ ನೀರಿನ ಕರ ಭತ್ತಕ್ಕೆ ಎಕರೆಗೆ 100 ರೂಪಾಯಿ, ಕಬ್ಬಿಗೆ 400. ಆ ದುಡ್ಡೂ ಸರಿಯಾಗಿ ಕಟ್ಟುತ್ತಿರಲಿಲ್ಲ ಎಂಬುದು ಬೇರೆ ಮಾತು.

ನಮ್ಮ ಸಂಘ ಉಪನಾಲೆಯನ್ನು ಒಪ್ಪಿಸಿಕೊಳ್ಳುವ ಮೊದಲು ಅಧಿಕಾರಿಗಳೂ ರೈತರೂ ನಾಲೆಯುದ್ದಕ್ಕೂ ನಡೆದು ಕೆಟ್ಟದ್ದನ್ನೆಲ್ಲ ಬರೆದುಕೊಳ್ಳಬೇಕಿತ್ತು. ನಾನೂ ಹೋಗಿದ್ದೆ. ಬಗಲಿನ ಚಪ್ಪಡಿಗಳು ಕಿತ್ತು ಹೋಗಿ ಮನೆಗಳ ಮುಂದೆ ಬಟ್ಟೆ ಒಗೆಯುವ ಕಲ್ಲುಗಳಾಗಿದ್ದವು. ತೂಬುಗಳಲ್ಲಿ ಬಾಗಿಲೇ ಇರಲಿಲ್ಲ, ಹುಲ್ಲು ತುರುಕಿದ ಗೋಣಿಚೀಲಗಳಿದ್ದವು. "ಇದನ್ನ ಯಾರು ಕಿತ್ರು?" ಎಂದು ಕಿರಿಯ ಇಂಜಿನಿಯರು ಕೇಳಿದಾಗ ಜೊತೆಗಿದ್ದ ಹಿರಿಯರೊಬ್ಬರು, "ಬರ್ಕಳಿ ಸಾಮಿ, ನಾವೇ ಕಿತ್ವಿ ಅಂತ ಬರ್ಕಳಿ. ಬಾಗ್ಲು ಹಾಕ್ಸಿಕೊಡಿ, ಇನ್ಮೇಲೆ ನಾವೇ ಕಾಯ್ತೀವಿ" ಎಂದರು. ಅಷ್ಟು ನೇರವಾಗಿ ಆ ದಿನ ಇನ್ಯಾರೂ ಮಾತಾಡಲಿಲ್ಲ.

ಬಾಗಿಲು ಬಂತು, ಬೀಗವೂ ಬಂತು. ಬೀಗದ ಕೈ ಸಂಘದ ಕಾರ್ಯದರ್ಶಿಯ ಮನೆಯ ಮೊಳೆಗೆ ಬಿತ್ತು. ಸರದಿ ಪಟ್ಟಿಯನ್ನು ದೇವಸ್ಥಾನದ ಗೋಡೆಗೆ ಅಂಟಿಸಿದೆವು. ನಾಲೆಯ ಕೊನೆಯಲ್ಲಿ ಜಮೀನಿದ್ದವರಿಗೆ ಮೊದಲ ಸರದಿ ಕೊಟ್ಟದ್ದು ನಾವು ಮಾಡಿದ ಒಳ್ಳೆಯ ಕೆಲಸ. ರಾತ್ರಿ ಸರದಿಯವರು ಬ್ಯಾಟರಿ ಹಿಡಿದು ಏರಿಯ ಮೇಲೆ ಓಡಾಡುತ್ತಿದ್ದರು. ಜಗಳ ನಿಲ್ಲಲಿಲ್ಲ. ಆದರೆ ಪೊಲೀಸು ಠಾಣೆಗೆ ಹೋಗುತ್ತಿದ್ದದ್ದು ಸಂಘದ ಜಗಲಿಯಲ್ಲೇ ತೀರತೊಡಗಿತು.

ತೊಡಕು ಇದ್ದದ್ದು ಕಾನೂನಿನಲ್ಲೇ. ಆಂಧ್ರದ 1997ರ ಕಾಯ್ದೆಯಲ್ಲಿ ಅಚ್ಚುಕಟ್ಟಿನ ಪ್ರತಿ ಭೂಮಾಲೀಕನೂ ತಾನಾಗಿಯೇ ಸಂಘದ ಸದಸ್ಯ. ನಮ್ಮಲ್ಲಿ ಷೇರು ಕಟ್ಟಿ ಸೇರಬೇಕು. ನಾಲೆಯ ತಲೆಯಲ್ಲಿ ಜಮೀನಿದ್ದವನಿಗೆ ಸಂಘವಿಲ್ಲದೆಯೂ ನೀರು ಸಿಗುವಾಗ ಅವನೇಕೆ ಸೇರುತ್ತಾನೆ? ಅರೆಖುಷ್ಕಿ ಬೆಳೆಗೆಂದು ಬಿಟ್ಟ ನೀರಲ್ಲಿ ಅವನು ಭತ್ತ ನಾಟಿ ಮಾಡಿದರೆ, ಕೊನೆಯವನ ರಾಗಿ ಒಣಗುತ್ತದೆ. ಅವನನ್ನು ತಡೆಯಲು ಸಂಘಕ್ಕೆ ಬಾಯಿಮಾತಿನ ಬಲವಷ್ಟೇ ಇತ್ತು.

ನೀರು ಬಿಡುವ ದಿನವನ್ನು ಗೊತ್ತುಮಾಡುವುದೂ ಸಂಘವಲ್ಲ, ನೀರಾವರಿ ಸಲಹಾ ಸಮಿತಿ. 2002, 2003ರ ಬರಗಳಲ್ಲಿ ಕಾವೇರಿ ಕಣಿವೆಗೆಲ್ಲ ನೀರಿನ ತತ್ವಾರ ಬಂದಾಗ ಸಂಘಕ್ಕೆ ಹಂಚಲು ನೀರೂ ಇರಲಿಲ್ಲ, ಎತ್ತಲು ಕರವೂ ಇರಲಿಲ್ಲ. ಆಮೇಲೆ ಎಷ್ಟೋ ಸಂಘಗಳು ನಾಮಫಲಕವಾಗಿಯಷ್ಟೇ ಉಳಿದವು. ಅಚ್ಚುಕಟ್ಟಿನಲ್ಲಿ ಕೊಳವೆಬಾವಿ ತೋಡಿಸಿದವರು ಸಭೆಗೆ ಬರುವುದನ್ನೇ ಬಿಟ್ಟರು.

ಹಾಗೆಂದು ಈ ಪ್ರಯೋಗವೇ ತಪ್ಪು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಬರೆದಂತೆ ನಡೆಯಲೇ ಇಲ್ಲ: ಒಡಂಬಡಿಕೆಯಲ್ಲಿ ಬರೆದ ಅಳತೆಯ ನೀರನ್ನು ನಾಲೆಯ ತಲೆಯಲ್ಲಿ ಅಳೆದು ಕೊಟ್ಟದ್ದನ್ನು ನಾನಂತೂ ಕಾಣಲಿಲ್ಲ. ಪ್ರತಿ ಉಪನಾಲೆಗೂ ಒಂದು ಅಳತೆಪಟ್ಟಿ ನೆಡಿಸಿ, ದಿನದ ನೀರಿನ ಲೆಕ್ಕವನ್ನು ಊರಿನ ಗೋಡೆಯ ಮೇಲೆ ಬರೆಸಬೇಕು. ಈ ಸಲದ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಅಚ್ಚುಕಟ್ಟಿನ ರೈತರು ಕೇಳಬೇಕಾದ್ದು ಇದನ್ನೇ.