ಒಂದಕ್ಕೆ ಎರಡು ಕೊಡೋದು ಯಾರು?

ಟ್ರಾವಿಯನ್ ಅಂತ ಒಂದು ಆನ್‌ಲೈನ್ ಆಟ ಇದೆ. 2004ರಲ್ಲಿ ಜರ್ಮನಿಯಲ್ಲಿ ಶುರುವಾಗಿದ್ದು. ಬ್ರೌಸರ್ ಇದ್ದರೆ ಸಾಕು, ದುಬಾರಿ ಕಂಪ್ಯೂಟರ್ ಬೇಡ. ಹಾಗಾಗಿ ನಮ್ಮ ಇಂಜಿನಿಯರಿಂಗ್ ಹಾಸ್ಟೆಲ್‌ನ ಹಳೇ ಲ್ಯಾಪ್‌ಟಾಪ್‌ಗಳಿಗೂ ಅದು ಒಗ್ಗಿತ್ತು. ಆಟದಲ್ಲಿ ನಿಮಗೊಂದು ಹಳ್ಳಿ ಕೊಡ್ತಾರೆ. ಮರ, ಜೇಡಿಮಣ್ಣು, ಕಬ್ಬಿಣ, ಧಾನ್ಯ ಈ ನಾಲ್ಕನ್ನು ಕೂಡಿಟ್ಟು ಊರು ಕಟ್ಟಬೇಕು, ಸೈನ್ಯ ಸಾಕಬೇಕು. ನಿಮ್ಮಲ್ಲಿ ಇಲ್ಲದ್ದನ್ನು ಅಕ್ಕಪಕ್ಕದ ಆಟಗಾರರ ಹತ್ತಿರ ಅದಲು ಬದಲು ಮಾಡ್ಕೋಬೇಕು. ಕಬ್ಬಿಣ ಕೊಟ್ಟು ಮರ ತಗೊಳ್ಳೋದು, ಮಣ್ಣು ಕೊಟ್ಟು ಧಾನ್ಯ ತಗೊಳ್ಳೋದು.

ಎಷ್ಟಕ್ಕೆ ಎಷ್ಟು? ಈ ಒಂದು ಪ್ರಶ್ನೆಗೆ ನಮ್ಮ ರೂಮಿನಲ್ಲಿ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ.

ನಾನು ಎಕ್ಸೆಲ್ ತೆರೆದು ಕೂತೆ. ಸಾಮಾನ್ಯ ಹಳ್ಳಿಯಲ್ಲಿ 18 ಜಾಗ ಇರುತ್ತವೆ. ಮರಕ್ಕೆ 4, ಮಣ್ಣಿಗೆ 4, ಕಬ್ಬಿಣಕ್ಕೆ 4, ಧಾನ್ಯಕ್ಕೆ 6. ಮೇಲ್ನೋಟಕ್ಕೆ 3 ಧಾನ್ಯಕ್ಕೆ 2 ಮರ ಅನ್ನೋದು ಸರಿ. ಆದ್ರೆ ಊರಿನ ಜನ, ಸೈನಿಕರು ಧಾನ್ಯ ತಿಂತಾರೆ, ಮರ ತಿನ್ನಲ್ಲ. ತಿಂದು ಉಳಿದಿದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಧಾನ್ಯದ ಬೆಲೆ ಏರುತ್ತದೆ.

ಆಮೇಲೆ ಬೇಡಿಕೆ. ಟ್ಯೂಟನ್ ಪಂಗಡದ ದೊಣ್ಣೆ ಹಿಡಿದ ಸೈನಿಕನಿಗೆ 95 ಮರ, 75 ಮಣ್ಣು, 40 ಕಬ್ಬಿಣ, 40 ಧಾನ್ಯ ಬೇಕು. ಗಾಲ್ ಪಂಗಡದ ಫ್ಯಾಲಾಂಕ್ಸ್‌ಗೆ 100 ಮರ, 130 ಮಣ್ಣು, 55 ಕಬ್ಬಿಣ, 30 ಧಾನ್ಯ. ಇಬ್ಬರಿಗೂ ಕಬ್ಬಿಣ ಕಮ್ಮಿ ಸಾಕು. ಸುತ್ತಮುತ್ತ ಇವರೇ ಜಾಸ್ತಿ ಇದ್ದರೆ ಕಬ್ಬಿಣ ಎಲ್ಲರ ಮನೆಯಲ್ಲೂ ಕೊಳೀತಾ ಬಿದ್ದಿರುತ್ತೆ. ಸಾಗಾಣಿಕೆ ಬೇರೆ. ರೋಮನ್ನರ ವ್ಯಾಪಾರಿ ಒಂದು ಸಲಕ್ಕೆ 500 ಹೊರುತ್ತಾನೆ, ಗಾಲ್ 750, ಟ್ಯೂಟನ್ 1,000. ಆದ್ರೆ ಟ್ಯೂಟನ್ ಎಲ್ಲರಿಗಿಂತ ನಿಧಾನ, ಗಾಲ್ ಎಲ್ಲರಿಗಿಂತ ಚುರುಕು. ಇದನ್ನೆಲ್ಲ ಸೇರಿಸಿ ಒಂದು ಸೂತ್ರ ಮಾಡಿದ್ದೆ. ಒಂದು ಮರಕ್ಕೆ ಸುಮಾರು ಒಂದೂಕಾಲು ಕಬ್ಬಿಣ ಅನ್ನೋದು ಅದರ ಉತ್ತರ.

ಮಜಾ ಅಂದ್ರೆ, ರಾತ್ರಿ ಹನ್ನೊಂದರ ಹೊತ್ತಿಗೆ ಪೇಟೆ ನೋಡಿದರೆ ಒಂದು ಮರಕ್ಕೆ ಎರಡು ಕಬ್ಬಿಣ ಕೊಡೋರು ಸಾಲಾಗಿ ನಿಂತಿರೋರು. ಒಂದಕ್ಕೆ ಎರಡಕ್ಕಿಂತ ಹೆಚ್ಚು ಕೊಡೋಕೆ ಆಟವೇ ಬಿಡ್ತಿರಲಿಲ್ಲ, ಇಲ್ಲಾಂದ್ರೆ ಮೂರೂ ಕೊಡ್ತಿದ್ರೇನೋ. ನಮ್ಮ ಗುಂಪಿನಲ್ಲಿ ಬ್ಯಾಡಗಿಯ ಒಬ್ಬ ಗೆಳೆಯ ಇದ್ದ, ಅವರ ಮನೆಯವರದು ಮೆಣಸಿನಕಾಯಿ ದಲಾಲಿ ಅಂಗಡಿ. ಅವನು ನನ್ನ ಎಕ್ಸೆಲ್ ಹಾಳೆ ನೋಡಿ ಹೇಳಿದ: "ರೇಟ್ ಏನ್ ನೋಡ್ತೀಯಲೇ, ಯಾರ ಗೋದಾಮು ತುಂಬೈತಿ ನೋಡು."

ಅವನು ಹೇಳಿದ್ದು ಇಷ್ಟೇ. ಆಟದಲ್ಲಿ ಗೋದಾಮಿಗೆ ಒಂದು ಮಿತಿ ಇದೆ. ತುಂಬಿದ ಮೇಲೆ ಉತ್ಪತ್ತಿ ಆಗೋದೆಲ್ಲ ದಂಡ. ಮಲಗೋಕೆ ಮುಂಚೆ ಗೋದಾಮು ತುಂಬಿದ್ದರೆ, ಬೆಳಗಿನ ತನಕ ಬರೋ ಕಬ್ಬಿಣದ ಬೆಲೆ ಸೊನ್ನೆ. ಅಂಥವನು ಒಂದಕ್ಕೆ ಎರಡು ಕೊಡದೆ ಏನು ಮಾಡ್ತಾನೆ? ಅದೇ ರೀತಿ, ಧಾನ್ಯ ಮುಗಿದರೆ ಸೈನಿಕರು ಹಸಿವಿನಿಂದ ಸಾಯೋಕೆ ಶುರು ಮಾಡ್ತಾರೆ. ಅವನೂ ಕೇಳಿದಷ್ಟು ಕೊಡ್ತಾನೆ. ಇನ್ನು ನಿಜವಾದ ದುಡ್ಡು ಕೊಟ್ಟು ಆಟದ ಚಿನ್ನ ಕೊಂಡವನಿಗೆ ಈ ತಲೆನೋವೇ ಇಲ್ಲ. 3 ಚಿನ್ನ ಕೊಟ್ಟರೆ ಅವನ ಸರಕು ಒಂದಕ್ಕೆ ಒಂದರಂತೆ ಕ್ಷಣದಲ್ಲಿ ಬದಲಾಗುತ್ತೆ.

ಅಂದ್ರೆ ದರ ನಿರ್ಧಾರ ಮಾಡೋದು ಸರಕು ಒಂದೇ ಅಲ್ಲ, ಯಾರು ಎಷ್ಟು ಹೊತ್ತು ಕಾಯಬಲ್ಲರು ಅನ್ನೋದೂ ಹೌದು. "ಇಬ್ಬರೂ ಒಪ್ಪಿದ ಮೇಲೆ ಅದು ನ್ಯಾಯಾನೇ" ಅನ್ನೋದು ಗೆಳೆಯನ ವಾದ. "ಬೇಡ ಅನ್ನೋಕೆ ಆಗದವನ ಒಪ್ಪಿಗೆ ಒಪ್ಪಿಗೆ ಅಲ್ಲ" ಅನ್ನೋದು ನನ್ನ ವಾದ. ಕೊನೆಗೆ ನಮ್ಮ ಕೂಟದಲ್ಲಿ ಒಂದು ನಿಯಮ ಮಾಡಿದ್ವಿ. ರಾತ್ರಿ ಯಾರ ಗೋದಾಮು ತುಂಬುತ್ತೋ ಅವರು ಹೆಚ್ಚಾದದ್ದನ್ನು ಜಾಗ ಇರೋರ ಗೋದಾಮಿಗೆ ಕಳಿಸೋದು, ಬೇಕಾದಾಗ ಅಷ್ಟನ್ನೇ ವಾಪಸ್ ತಗೊಳ್ಳೋದು. ಅವತ್ತಿಂದ ನಮ್ಮವರು ಒಬ್ಬರೂ ಒಂದಕ್ಕೆ ಎರಡು ಕೊಟ್ಟು ಮಾರಲಿಲ್ಲ.

ಗೆಳೆಯನಿಗೆ ಆ ಮಾತು ಬಂದದ್ದು ಆಟದಿಂದಲ್ಲ, ಅವನ ಊರಿನಿಂದ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ. ಡಬ್ಬಿ, ಕಡ್ಡಿ ಅಂತ ಎರಡು ಬಗೆ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ವ್ಯಾಪಾರ. ರೈತರ ರಾಶಿಗಳಿಗೆ ಖರೀದಿದಾರರು ಇ-ಟೆಂಡರ್‌ನಲ್ಲಿ ದರ ಹಾಕ್ತಾರೆ. ಬಣ್ಣ, ತೇವಾಂಶ, ತಳಿ ನೋಡಿ ಒಂದು ರಾಶಿಗೆ ಸಿಕ್ಕ ದರ ಪಕ್ಕದ ರಾಶಿಗಿಂತ ಎಷ್ಟೋ ಪಟ್ಟು ಹೆಚ್ಚಿರಬಹುದು. ಇಲ್ಲಿಯವರೆಗೆ ಇದು ಸರಕಿನ ಲೆಕ್ಕ.

ಕಾಯೋ ಲೆಕ್ಕ ಬೇರೆ. ಬಿಸಿಲು, ಬೆಳಕಿಗೆ ಬಿಟ್ಟರೆ ಮೆಣಸಿನಕಾಯಿ ಬಣ್ಣ ಬಿಡುತ್ತೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಉಳಿಯುತ್ತೆ. ಅಲ್ಲಿ ಇಟ್ಟವನಿಗೆ ಇವತ್ತಿನ ದರ ಇಷ್ಟವಾಗದಿದ್ದರೆ ಮುಂದಿನ ತಿಂಗಳಿದೆ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಚೀಲ ತಂದು ಇಳಿಸಿದವನಿಗೆ ಇವತ್ತೊಂದೇ ದಿನ. 2024ರ ಮಾರ್ಚ್ 11ರ ಸೋಮವಾರ ಲಕ್ಷಗಟ್ಟಲೆ ಚೀಲ ಒಟ್ಟಿಗೆ ಬಂದು, ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನೀವೂ ಟೀವಿಯಲ್ಲಿ ನೋಡಿರ್ತೀರಿ. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳಲ್ಲ. ಆದ್ರೆ ಗೋದಾಮು ತುಂಬಿದ ರಾತ್ರಿ ಹೇಗಿರುತ್ತೆ ಅಂತ ಗೊತ್ತಿರೋರಿಗೆ ಆ ಸಿಟ್ಟು ಅರ್ಥವಾಗುತ್ತೆ.

ಕಳೆದ ಹಂಗಾಮಿನಲ್ಲಿ ಈ ಲೆಕ್ಕ ನಮ್ಮ ಮನೆಗೇ ಬಂತು. ರಾಣೆಬೆನ್ನೂರು ಹತ್ತಿರದ ನಮ್ಮೂರಲ್ಲಿ ಕಾಕಾ ಗೋವಿನಜೋಳ ಬೆಳೀತಾರೆ. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಕೊಯ್ಲಿನ ಹೊತ್ತಿಗೆ ನಮ್ಮ ಕಡೆ ಪೇಟೆ ದರ 2,000ಕ್ಕಿಂತ ಕೆಳಗೆ. ಕಾಕಾ ಫೋನ್ ಮಾಡಿದರು. "ಕಂಪ್ಯೂಟರ್‌ನಾಗ ನೋಡಿ ಹೇಳಪಾ, ಈಗ ಕೊಟ್ಟುಬಿಡ್ಲೋ, ಇಟ್ಕೊಳ್ಲೋ?"

ಮುಂದೆ ದರ ಏನಾಗುತ್ತೆ ಅನ್ನೋದು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಆದ್ರೆ ಕಾಯೋದಕ್ಕೆ ಎಷ್ಟು ಖರ್ಚು ಅನ್ನೋದನ್ನು ಲೆಕ್ಕ ಹಾಕಬಹುದು. ಇದ್ದದ್ದು 40 ಕ್ವಿಂಟಲ್, ಕೇಳಿದ ದರ 1,800. ಮೇಲೆ 36,000 ಕೈಸಾಲ, ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ. ಮೂರು ತಿಂಗಳು ಇಟ್ಟರೆ ತೂಕ ಶೇ 2ರಷ್ಟು ಇಳಿಯುತ್ತೆ ಅಂದುಕೊಂಡರೆ ಕ್ವಿಂಟಲ್‌ಗೆ 36 ರೂಪಾಯಿ, ಗೋದಾಮು ಬಾಡಿಗೆ 30, ಒಟ್ಟು 66. ಇದು ಎಲ್ಲ ಜೋಳಕ್ಕೂ ಒಂದೇ.

ಸಾಲ ಮಾತ್ರ ಒಂದೇ ಅಲ್ಲ. 20 ಕ್ವಿಂಟಲ್ ಮಾರಿದರೆ 36,000 ಬಂದು ಸಾಲ ತೀರುತ್ತೆ. ಅಂದ್ರೆ ಆ 20 ಕ್ವಿಂಟಲ್ ಅನ್ನು ಮಾರದೆ ಇಟ್ಟುಕೊಂಡರೆ ಮೂರು ತಿಂಗಳ ಬಡ್ಡಿ, ಕ್ವಿಂಟಲ್‌ಗೆ 108 ರೂಪಾಯಿ, ಅದರ ತಲೆ ಮೇಲೆ. 66 ಸೇರಿ 174. ಅದು ಗಿಟ್ಟಬೇಕಾದರೆ ದರ 1,974 ದಾಟಬೇಕು. ಉಳಿದ 20 ಕ್ವಿಂಟಲ್‌ಗೆ 1,866 ದಾಟಿದರೂ ಸಾಕು. ಒಂದೇ ಹೊಲದ, ಒಂದೇ ರಾಶಿಯ ಜೋಳ. ಅರ್ಧಕ್ಕೆ ಕಾಯೋದು ದುಬಾರಿ, ಅರ್ಧಕ್ಕೆ ಅಗ್ಗ.

ಕಾಕಾ ಅರ್ಧ ಮಾರಿ ಸಾಲ ತೀರಿಸಿದರು. ಕೆಲವು ದಿನ ಬಿಟ್ಟು ಉಳಿದದ್ದಕ್ಕೆ ಅದೇ ವ್ಯಾಪಾರಿ ಇನ್ನೂ ಐವತ್ತು ಕಮ್ಮಿ ಕೇಳಿದಾಗ ಅವರು ಹೇಳಿದ್ದು: "ಬ್ಯಾಡ್ರಿ, ಇರ್ಲಿ ಬಿಡ್ರಿ." ಅವರು ವ್ಯಾಪಾರಿಗೆ ಬೇಡ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹಿಂದೆಲ್ಲ "ನೀವು ಹೆಂಗ್ ಹೇಳ್ತೀರಿ ಹಂಗ" ಅಂತಲೇ ವ್ಯವಹಾರ ಮುಗೀತಿತ್ತು.

ನ್ಯಾಯವಾದ ದರ ಎಷ್ಟು ಅಂತ ನಾವೆಲ್ಲ ಆ್ಯಪ್‌ನಲ್ಲಿ ಹುಡುಕ್ತೀವಿ. ಸಂಬಳ ಮಾತಾಡುವಾಗಲೂ ಮಾರ್ಕೆಟ್ ರೇಟ್ ಏನು ಅಂತಲೇ ಕೇಳ್ತೀವಿ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಬೇಡ ಅಂದರೆ ನಾನು ಎಷ್ಟು ದಿನ ತಡೆದುಕೊಳ್ಳಬಲ್ಲೆ? ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇರೋನಿಗೂ, ಒಂದನೇ ತಾರೀಖಿಗೆ ಇಎಂಐ ಕಟ್ಟಬೇಕಾದವನಿಗೂ ಒಂದೇ ಕೆಲಸಕ್ಕೆ ಸಿಗೋ ಸಂಬಳ ಬೇರೆ ಆಗಿರುತ್ತೆ.

ಊರಲ್ಲಿ ಅಪ್ಪ, ಕಾಕಾ, ಮಾವ ಯಾರಾದರೂ ಬೆಳೆ ಮಾರೋ ಹೊತ್ತಿಗೆ ಫೋನ್ ಮಾಡಿದರೆ, ದರದ ಸ್ಕ್ರೀನ್‌ಶಾಟ್ ಕಳಿಸಿ ಸುಮ್ಮನಾಗಬೇಡಿ. ಕೈಸಾಲ ಎಷ್ಟಿದೆ ಕೇಳಿ. ಆಗೋದಾದರೆ ಅದನ್ನು ಮೊದಲು ತೀರಿಸಿ. ಉಗ್ರಾಣದ ರಸೀದಿ ಒತ್ತೆ ಇಟ್ಟು ಕಮ್ಮಿ ಬಡ್ಡಿಗೆ ಸಾಲ ಸಿಗುತ್ತಾ ಅಂತ ಬ್ಯಾಂಕಿಗೆ ಹೋಗಿ ವಿಚಾರಿಸಿ. ಪೇಟೆ ದರ ಬದಲಿಸೋದು ನಮ್ಮ ಕೈಲಿಲ್ಲ. ಮನೆಯವರಿಗೆ ಇನ್ನೂ ಮೂರು ತಿಂಗಳು ಕಾಯೋ ಶಕ್ತಿ ಕೊಡೋದು ಎಷ್ಟೋ ಸಲ ನಮ್ಮ ಕೈಲೇ ಇರುತ್ತೆ.